ಮಗ್ಗದ ಮನೆಯ ಕೈಮಾತು

ಸೂರತ್‌ನ ಮಗ್ಗದ ಶೆಡ್ಡಿನೊಳಗೆ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಆಡಿದರೂ ಕೇಳಿಸುವುದಿಲ್ಲ. ಸಾಲಾಗಿ ನಿಂತ ಮಗ್ಗಗಳ ಬಡಿತದಲ್ಲಿ ಪಕ್ಕದವನ ಕೂಗು ಕೂಡ ಬರೀ ತುಟಿಯ ಅಲುಗಾಟವಾಗಿ ಕಾಣುತ್ತದೆ. ಹಾಗಾಗಿ ಅಲ್ಲಿ ಕೈಯೇ ಬಾಯಿ. ಎರಡು ಬೆರಳು ತುಟಿಗೆ ತಗುಲಿಸಿದರೆ ಚಹಾ ಬಂತು. ಹೆಗಲು ತಟ್ಟಿಕೊಂಡರೆ ಮಾಲೀಕ ಸೇಠ್ ಬಂದರು, ಹುಷಾರು. ತೋರುಬೆರಳುಗಳನ್ನು ಜೋಡಿಸಿ ಫಕ್ಕನೆ ಅಗಲಿಸಿದರೆ ಎಳೆ ಕಡಿಯಿತು. ಹೆಬ್ಬೆರಳು, ತೋರುಬೆರಳು ಸೇರಿಸಿ ಹೊಸೆದು ತೋರಿಸಿದರೆ ಎಳೆ ಕೂಡಿತು, ಮಗ್ಗ ಬಿಡು. ಒಡಿಶಾದವರು, ಖಾನ್‌ದೇಶದವರು, ಬಿಹಾರದವರು, ನಮ್ಮ ಬನಹಟ್ಟಿ ಕಡೆಯವರು, ಎಲ್ಲರಿಗೂ ಅದೊಂದೇ ಭಾಷೆ. ನಾನು ಗುಜರಾತಿ ಕಲಿಯುವ ಮೊದಲು ಕಲಿತದ್ದು ಇದನ್ನೇ.

ನಾನು ಕಿವಿ ಪರೀಕ್ಷೆ ಮಾಡುವವಳು. ಆಡಿಯಾಲಜಿಸ್ಟ್ ಎಂದರೆ ತುಮಕೂರಿನ ನಮ್ಮ ನೆಂಟರು ಇಂದಿಗೂ ಹಾಡು ರೆಕಾರ್ಡ್ ಮಾಡುವ ಕೆಲಸ ಎಂದೇ ತಿಳಿದಿದ್ದಾರೆ. ತಿದ್ದುವುದನ್ನು ನಾನೂ ಬಿಟ್ಟಿದ್ದೇನೆ. ವಡೋದರಾದ ಗೋರ್ವಾದಲ್ಲಿ ಬಾಡಿಗೆ ಮನೆ, ಅಲ್ಲಿಂದ ಹತ್ತಿರದಲ್ಲೇ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಕೆಲಸ. ಒಂದು ಚಳಿಗಾಲದಲ್ಲಿ ನಮ್ಮ ಕ್ಲಿನಿಕ್‌ಗೆ ಸೂರತ್‌ನ ಕೆಲವು ಶೆಡ್ಡುಗಳ ನೇಕಾರರ ಕಿವಿ ಪರೀಕ್ಷಿಸುವ ಕೆಲಸ ಸಿಕ್ಕಿತು. ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಪ್ರತಿ ಶನಿವಾರ ಬೆಳಗಿನ ರೈಲಿಗೆ ಹೋಗುತ್ತಿದ್ದೆ.

ಮೊದಲ ತೊಂದರೆ ಜಾಗದ್ದು. ಕಿವಿ ಪರೀಕ್ಷೆಗೆ ನಿಶ್ಶಬ್ದ ಬೇಕು, ಆ ಗಲ್ಲಿಯಲ್ಲಿ ನಿಶ್ಶಬ್ದ ಎಂಬ ವಸ್ತುವೇ ಇಲ್ಲ. ಕೊನೆಗೆ ನೇಯ್ದ ಬಟ್ಟೆ ತುಂಬಿಡುವ ಗೋಡೌನ್ ನೋಡಿದೆ. ನೆಲದಿಂದ ಸೂರಿನವರೆಗೆ ಬಟ್ಟೆಯ ಸುರುಳಿಗಳು. ನಡುವಿನ ಸಂದಿನಲ್ಲಿ ನಿಂತರೆ ಮಗ್ಗದ ಸದ್ದು ದೂರದ ರೈಲಿನಷ್ಟಾಗುತ್ತಿತ್ತು. ಅಲ್ಲೇ ಒಂದು ಸ್ಟೂಲು ಹಾಕಿದೆ.

ಎರಡನೆಯ ತೊಂದರೆ ಇನ್ನೂ ಮಜವಾಗಿತ್ತು. ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಕೈ ಎತ್ತಿ ಎಂದರೆ ಎಲ್ಲರೂ ಸರಿಯಾಗಿ ಎತ್ತುತ್ತಿದ್ದರು. ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತವರ ಕಿವಿ ಹೀಗಿರಲು ಸಾಧ್ಯವಿಲ್ಲ ಎಂದು ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು: ಅವರು ನನ್ನ ಬೆರಳು ನೋಡುತ್ತಿದ್ದರು. ಗುಂಡಿ ಒತ್ತುವಾಗ ಮಣಿಕಟ್ಟು ಕೂದಲೆಳೆಯಷ್ಟು ಅಲುಗಿದರೂ ಅವರಿಗೆ ಸಾಕು. ಯಂತ್ರವನ್ನು ಅವರ ಬೆನ್ನ ಹಿಂದಕ್ಕೆ ಒಯ್ದ ಮೇಲೆ ನಿಜ ಹೊರಬಿತ್ತು. ಒಬ್ಬೊಬ್ಬರ ಶ್ರವಣದ ನಕ್ಷೆಯೂ ಕೀಚು ಸ್ವರಗಳ ಅದೇ ಜಾಗದಲ್ಲಿ ಕೆಳಗೆ ಕುಸಿಯುತ್ತಿತ್ತು.

ಹಾಗೆ ಪರೀಕ್ಷೆಗೆ ಬಂದವರಲ್ಲಿ ಬನಹಟ್ಟಿಯ ನೇಕಾರನೂ ಒಬ್ಬ. ನಾನು ಫೋನಿನಲ್ಲಿ ಅಮ್ಮನ ಜತೆ ಜಗಳವಾಡುತ್ತಿದ್ದುದನ್ನು ನೋಡಿ, ನನ್ನ ತುಟಿಯಿಂದಲೇ ಕನ್ನಡ ಗುರುತಿಸಿದನಂತೆ.

"ಅಕ್ಕಾರ, ಕನ್ನಡದವ್ರೇನ್ರಿ? ಮತ್ತ ಇಲ್ಲಿ ಡಬ್ಬಿ ಕಟಗೊಂಡು ಯಾಕ ಉಣ್ತೀರಿ? ಮನ್ಯಾಗ ರೊಟ್ಟಿ ಅದಾವ, ನಡೀರಿ."

ಅವನ ಮನೆ ಎಂದರೆ ಶೆಡ್ಡಿನ ಹಿಂಗೋಡೆಗೆ ಅಂಟಿದ ಒಂದು ಕೋಣೆ. ಮಗ್ಗ ನಡೆಯುವಾಗ ಆ ನೆಲ ಸದಾ ನಡುಗುತ್ತಿತ್ತು, ಲೋಟದ ನೀರಿನಲ್ಲಿ ಸಣ್ಣ ಸುಕ್ಕುಗಳು ಏಳುತ್ತಿದ್ದವು. ಹೆಂಡತಿ ಬಸುರಿ, ಅವಳು ಅವನ ಸ್ವಂತ ಅಕ್ಕನ ಮಗಳು. ಅವನ ತಾಯಿಯೂ ಅಲ್ಲೇ ಇದ್ದಳು; ಮೊದಲು ಊರಿನಲ್ಲಿ, ಇಚಲಕರಂಜಿಯಲ್ಲಿ, ಆಮೇಲೆ ಇಲ್ಲಿ ಮಗ್ಗದ ಸದ್ದಿನಲ್ಲೇ ಮುದುಕಿಯಾದವಳು, ಕಿವಿ ಪೂರ್ತಿ ಹೋಗಿತ್ತು. ಮತ್ತೆ ಅವರ ಮಗಳು, ಒಬ್ಬಳೇ ಹುಡುಗಿ, ಆರು ದಾಟಿ ಏಳಕ್ಕೆ ಕಾಲಿಟ್ಟವಳು. ಅವಳಿಗೊಂದು ಚೆಂದದ ಹೆಸರಿತ್ತು, ಆದರೆ ಮನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲ. ಮೂಗಿನ ಪಕ್ಕ ಬೆರಳಿಟ್ಟರೆ ಅವಳೇ ಎಂದರ್ಥ, ಅವಳ ಮೂಗುಬೊಟ್ಟಿನ ಗುರುತು.

ಆ ಮನೆಯಲ್ಲೂ ಕೈಮಾತೇ ನಡೆಯುತ್ತಿತ್ತು. ಹುಡುಗಿ ಬಲು ಚುರುಕು. ಅಜ್ಜಿ ಬೆರಳು ಬಾಗಿಸಿದರೆ ನೀರು, ಅಪ್ಪ ಅಂಗೈ ತಿರುವಿದರೆ ಇನ್ನೊಂದು ರೊಟ್ಟಿ. ಬಾಗಿಲು ದೂಡಿದರೆ ಥಟ್ಟನೆ ತಿರುಗಿ ನೋಡುತ್ತಿದ್ದಳು. ಮಾತು ಬಂದಿರಲಿಲ್ಲ.

"ನಮ್ಮ ಗಲ್ಲಿಯಾಗ ನಾಕ್ ಥರದ ಮಾತದಾವ್ರಿ," ಎಂದಳು ಹೆಂಡತಿ, ನನ್ನ ಕಿವಿಗೆ ಬಾಯಿಟ್ಟು. "ಯಾವುದು ಕಲೀಬೇಕಂತ ಕೂಸಿಗೆ ತಿಳಿವಲ್ದು. ದವಾಖಾನ್ಯಾಗೂ ಹಂಗ ಅಂದ್ರು, ತಡಾ ಆಗ್ತೈತಿ ಅಂತ."

ನಾನು ಹುಡುಗಿಯ ಕಡೆ ತಿರುಗಿ ನೋಡಿದೆ. ಅಷ್ಟರಲ್ಲೇ ಟ್ರಾನ್ಸ್‌ಫಾರ್ಮರ್ ಸಿಡಿಯಿತು.

ಮಗ್ಗಗಳು ಒಂದರ ಹಿಂದೆ ಒಂದು ನಿಂತವು. ಲೋಟದ ನೀರು ಸ್ಥಿರವಾಯಿತು. ಗಲ್ಲಿಯವರೆಲ್ಲ ಹೊರಗೆ ಬಂದು ಗಟ್ಟಿ ಗಂಟಲಲ್ಲಿ ಮಾತಾಡತೊಡಗಿದರು. ಒಳಗೂ ಎಲ್ಲರ ಕೈ ತೊಡೆಯ ಮೇಲೆ ಇಳಿದು ಬಾಯಿಗಳು ತೆರೆದವು. ನೇಕಾರ ನನ್ನ ಕನ್ನಡವನ್ನು ಆಡಿಕೊಂಡ, "ನಿಮ್ದು ಪುಸ್ತಕದಾಗಿನ ಮಾತಿದ್ದಂಗ ಐತ್ರಿ" ಎಂದು. ಅವನ ಹೆಂಡತಿ ನಕ್ಕಳು. ಹುಡುಗಿ ಚಟ್ನಿಯ ಬಟ್ಟಲು ಹಿಡಿದು ನಡುವೆ ನಿಂತಿದ್ದಳು. ಅವಳು ಅಪ್ಪನ ಕೈ ನೋಡಿದಳು, ಅಮ್ಮನ ಕೈ ನೋಡಿದಳು. ಎಲ್ಲವೂ ಸುಮ್ಮನಿದ್ದವು. ತುಟಿಗಳು ಮಾತ್ರ ಅಲುಗುತ್ತಿದ್ದವು. ಬಟ್ಟಲು ಕೆಳಗಿಟ್ಟು ಬಂದು ಅಪ್ಪನ ಕೈಯನ್ನು ಅವನ ತೊಡೆಯ ಮೇಲಿಂದ ಎತ್ತಿ ಹಿಡಿದಳು, ಮಾತಾಡು ಎಂಬಂತೆ.

ರೊಟ್ಟಿ ಬಿಟ್ಟು ಎದ್ದೆ. ಅವಳ ಹಿಂದೆ ಹೋಗಿ, ಗಾಳಿಯೂ ತಾಗದಷ್ಟು ದೂರದಲ್ಲಿ ಕೀಲಿಗೊಂಚಲು ಅಲುಗಿಸಿದೆ. ಚಪ್ಪಾಳೆ ತಟ್ಟಿದೆ. ಅವಳ ಹೆಸರು ಹಿಡಿದು ಕೂಗಿದೆ. ಅವಳು ಅಪ್ಪನ ಕೈಯನ್ನೇ ನೋಡುತ್ತಿದ್ದಳು.

"ಆಕಿ ಹಟಮಾರಿ ಅದಾಳ್ರಿ," ಎಂದ ಅಪ್ಪ. "ಕಿವಿ ಭಾಳ ಸೂಕ್ಷ್ಮ. ಬಾಗಲಾ ಬಡದ್ರ ಹೊಳ್ಳಿ ನೋಡ್ತಾಳ, ನೀವ ನೋಡೀರಲ್ಲ."

ನೆಲ ನಡುಗುವುದು ಅವಳ ಅಂಗಾಲಿಗೆ ತಿಳಿಯುತ್ತಿತ್ತು ಎಂದು ಆಗ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ಎಲ್ಲರನ್ನೂ ಗೋಡೌನ್‌ಗೆ ಕರೆದೊಯ್ದೆ. ಹುಡುಗಿಯನ್ನು ಬಟ್ಟೆಯ ಸುರುಳಿಗಳ ಮೇಲೆ ಎತ್ತಿ ಕೂರಿಸಿದೆ, ಕಾಲು ನೆಲಕ್ಕೆ ತಾಗದ ಹಾಗೆ. ಬೆನ್ನ ಹಿಂದೆ ಗಿಲಕಿ, ಗಂಟೆ, ಕೊನೆಗೆ ಪುಟ್ಟ ತಮಟೆ. ಅವಳು ಕಾಲು ತೂಗಾಡಿಸುತ್ತ ನನಗೆ ಕೈಯಲ್ಲಿ ಚಹಾ ಬೇಕೇ ಎಂದು ಕೇಳಿದಳು.

ಆಗ ಅಪ್ಪ ತಾನೇ ಹೋಗಿ ಗೋಡೌನಿನ ತಗಡಿನ ಬಾಗಿಲು ಬಡಿದ. ಅವಳು ತಿರುಗಲಿಲ್ಲ. ಮತ್ತೆ ಬಡಿದ. ಎರಡೂ ಕೈಯಿಂದ ಬಡಿದ. ಗಲ್ಲಿಯವರು ಏನಾಯಿತೆಂದು ಓಡಿಬಂದರು, ಯಾರೋ ಅವನ ಭುಜ ಹಿಡಿದು ನಿಲ್ಲಿಸಿದರು. ಹುಡುಗಿ ನನ್ನತ್ತ ನೋಡಿ ನಗುತ್ತಲೇ ಇದ್ದಳು.

ಮುಂದಿನ ವಾರ ಅವನು ಅವಳನ್ನು ವಡೋದರಾಕ್ಕೆ ಕರೆತಂದ. ಅಲ್ಲಿ ಮಾಡಬೇಕಿದ್ದದ್ದು ಮಗು ಪೂರ್ತಿ ನಿದ್ದೆಯಲ್ಲಿದ್ದಾಗಿನ ಪರೀಕ್ಷೆ: ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ, ಕಿವಿಗೆ ಟಕಟಕ ಸದ್ದು ಬಿಟ್ಟರೆ ಮಿದುಳಿಗೆ ಮುಟ್ಟಿದೆಯೋ ಇಲ್ಲವೋ ಪರದೆಯಲ್ಲಿ ಅಲೆಗಳು ಹೇಳುತ್ತವೆ. ನಿದ್ದೆಯ ಸಿರಪ್ ಕುಡಿಸಿದರೂ ಅವಳು ಮಲಗಲಿಲ್ಲ. ನಡುಗದ ಹಾಸಿಗೆ ಅವಳಿಗೆ ಹೊಸದು. ಅಪ್ಪ ಮಂಚವನ್ನು ಒಂದೇ ಸಮನೆ ಅಲುಗಿಸಿದ ಮೇಲೆ ಕಣ್ಣು ಮುಚ್ಚಿದಳು. ಯಂತ್ರ ಕೊಡಬಹುದಾದ ಅತಿ ದೊಡ್ಡ ಸದ್ದಿನವರೆಗೂ ಹೋದೆ. ಪರದೆಯ ಮೇಲೆ ಗೆರೆ ಚಪ್ಪಟೆಯಾಗಿಯೇ ಉಳಿಯಿತು. ತಂತಿ ಸಡಿಲವಿರಬಹುದು ಎಂದು ಬಿಚ್ಚಿ ಮತ್ತೆ ಅಂಟಿಸಿದೆ. ಸಡಿಲವಿರಲಿಲ್ಲ, ನನಗೂ ಗೊತ್ತಿತ್ತು.

ಕಿವಿಯೊಳಗೆ ಯಂತ್ರ ಕೂರಿಸುವ ಶಸ್ತ್ರಚಿಕಿತ್ಸೆ ಅಹಮದಾಬಾದ್‌ನ ಆಸ್ಪತ್ರೆಯೊಂದರಲ್ಲಿ ಸರ್ಕಾರದ ಖರ್ಚಿನಲ್ಲೇ ಆಗುತ್ತದೆ. ಅವರನ್ನು ಕರೆದುಕೊಂಡು ಅಲ್ಲಿನ ಮಣಿನಗರ ಸ್ಟೇಷನ್ನಿನಲ್ಲಿ ಇಳಿದೆ. ಶಸ್ತ್ರವೈದ್ಯರು ಒಳ್ಳೆಯವರು, ಆತುರಪಡಿಸಲಿಲ್ಲ. ಕಾಗದಗಳನ್ನು ನೋಡಿ, ವಯಸ್ಸು ತಿಳಿಯಲು ಹುಡುಗಿಯ ಹಲ್ಲು ನೋಡಿ, ಇಂಗ್ಲಿಷಿನಲ್ಲಿ ನನಗೆ ಹೇಳಿದರು: ಹುಟ್ಟಿದಾಗಿನಿಂದ ಒಂದು ಸದ್ದೂ ಮುಟ್ಟದ ಮಿದುಳು ಈ ವಯಸ್ಸಿಗೆ ಬೇರೆ ಕೆಲಸ ಹಿಡಿದಿರುತ್ತದೆ. ಈಗ ಯಂತ್ರ ಹಾಕಿದರೆ ಗದ್ದಲ ಕೇಳಿಸೀತು, ಅದು ಮಾತಾಗುವುದಿಲ್ಲ. ಸರ್ಕಾರಿ ಯೋಜನೆಯ ವಯಸ್ಸಿನ ಮಿತಿಯೂ ದಾಟಿದೆ. ನಾನು ವಾದಿಸಿದೆ. ಇವಳಿಗೆ ಕೈಮಾತು ಬರುತ್ತದೆ, ಭಾಷೆಯೇ ಇಲ್ಲದವಳಲ್ಲ ಎಂದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ಮತ್ತೆ ಅದನ್ನೇ ಹೇಳಿದರು. ನನ್ನ ಓದು ಕೂಡ ಅವರ ಪಕ್ಷವನ್ನೇ ವಹಿಸುತ್ತಿತ್ತು, ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು.

ಪ್ಲಾಟ್‌ಫಾರಂನಲ್ಲಿ ಅಪ್ಪ ಕೇಳಿದ. "ಯಾವಾಗ ಬಂದಿದ್ರ ಆಗ್ತಿತ್ತ್ರಿ ಅಕ್ಕಾರ?"

"ಹುಟ್ಟಿದ ವರ್ಷದಲ್ಲೇ. ಎರಡು ಮೂರು ವರ್ಷದವರೆಗೂ ಆಗುತ್ತಿತ್ತು."

ಅವನು ಹಳಿಯ ಕಡೆ ತಿರುಗಿದ. "ಬ್ಯಾರೆ ಮಂದಿ ಮನ್ಯಾಗ ಹುಟ್ಟಿದ್ರ ಎಂದೋ ತಿಳೀತಿತ್ತು," ಎಂದ. "ಅಲ್ಲಿ ಮಂದಿ ಕೂಗ್ತಾರ, ಕೂಸು ಹೊಳ್ಳಿ ನೋಡೂದಿಲ್ಲ, ತಿಳೀತೈತಿ. ನಾವು ಯಾರೂ ಕೂಗಲೇ ಇಲ್ರಿ."

ಅದು ನಿಜವಾಗಿತ್ತು. ಕಿವುಡು ಮಗುವನ್ನು ಪತ್ತೆಹಚ್ಚಲು ಆಗದ ಮನೆ ಯಾವುದಾದರೂ ಇದ್ದರೆ ಅದು ಅಂಥದೇ.

ಸೂರತ್‌ನ ಕಿವುಡು ಮಕ್ಕಳ ಶಾಲೆಗೆ ಅವಳನ್ನು ಸೇರಿಸಿದೆವು. ಅಲ್ಲಿ ಕೈಭಾಷೆಯನ್ನು ವ್ಯಾಕರಣಸಹಿತ ಕಲಿಸುತ್ತಾರೆ. ಅವಳು ಖುಷಿಯಾಗಿಯೇ ಹೋಗುತ್ತಿದ್ದಳು, ಕೆಲವೇ ದಿನಗಳಲ್ಲಿ ನನಗಿಂತ ಎಷ್ಟೋ ಹೆಚ್ಚು ಮಾತು ಕಲಿತಳು. ಅವಳ ಬದುಕು ಮುಗಿಯಿತೆಂದು ನಾನು ಎಂದೂ ಎಣಿಸಿಲ್ಲ. ಆದರೆ ಆ ಮನೆಯಲ್ಲಿ ಯಾರಿಗೂ ಆಯ್ಕೆಯೇ ಸಿಗಲಿಲ್ಲವಲ್ಲ, ಆ ಸಂಕಟ ಮಾತ್ರ ನನ್ನ ಎದೆಯಿಂದ ಇಳಿಯಲಿಲ್ಲ.

ಬೇಸಿಗೆಯಲ್ಲಿ ಗಂಡು ಮಗು ಹುಟ್ಟಿತು. ತಂದೆತಾಯಿ ಹತ್ತಿರದ ರಕ್ತಸಂಬಂಧಿಗಳಾದರೆ, ಮೊದಲ ಮಗು ಹೀಗಿದ್ದರೆ, ಎರಡನೆಯದನ್ನು ತಕ್ಷಣ ನೋಡಬೇಕು. ಹಣ್ಣು ಹಿಡಿದುಕೊಂಡು ಹೋಗಿ ಅದನ್ನೇ ಹೇಳಿದೆ. ಸೊಸೆ ಅಜ್ಜಿಗೆ ನನ್ನ ಮಾತನ್ನು ಕೈಯಲ್ಲಿ ದಾಟಿಸಿದಳು. ಅಜ್ಜಿ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾಡ ಯವ್ವಾ. ನೀ ನೋಡಿದ್ರ ಮತ್ತ ಅದನ್ನ ಹೇಳ್ತಿ. ಒಂದ ಸರೆ ಕೇಳಿದ್ದ ಸಾಕಾಗೇತಿ."

ನೇಕಾರ ನನ್ನ ಮುಖ ನೋಡಲಿಲ್ಲ. "ಸ್ವಲ್ಪ ದಿನ ಹೋಗ್ಲಿ ಬಿಡ್ರಿ ಅಕ್ಕಾರ," ಎಂದ.

ಅದೇ ತಿಂಗಳು ನೇಕಾರರ ಪರೀಕ್ಷೆಯ ಕೆಲಸ ಮುಗಿಯಿತು. ಇನ್ನು ಸೂರತ್‌ಗೆ ಹೋಗಲು ನನಗೆ ಕಾರಣವೇ ಇರಲಿಲ್ಲ. ವಡೋದರಾದ ಮನೆಯಲ್ಲಿ ಕೂತು ಎರಡು ದಿನ ಯೋಚಿಸಿದೆ. ಆ ಮಗುವೊಂದನ್ನೇ ಕೇಳಿದರೆ ಅದು ಅವರ ಮನೆಯ ಶಾಪದಂತೆ ಕಾಣುತ್ತದೆ; ಗಲ್ಲಿಯ ಎಲ್ಲ ಕೂಸುಗಳನ್ನೂ ನೋಡಿದರೆ ಪೋಲಿಯೊ ಹನಿಯಂತೆ ಎಲ್ಲರಿಗೂ ಒಂದೇ ಆಗುತ್ತದೆ. ಮಗ್ಗದ ಮನೆಗಳು ಅಲ್ಲಿ ಇನ್ನೆಷ್ಟೋ ಇದ್ದವು, ಎಲ್ಲ ಮನೆಗಳಲ್ಲೂ ಕೈಮಾತೇ ಇತ್ತು. ಕ್ಲಿನಿಕ್‌ನ ಮುಖ್ಯಸ್ಥರ ಬಳಿ ಹೋಗಿ, ಶನಿವಾರ ರಜೆ ಬೇಕು, ಜತೆಗೆ ಕೂಸುಗಳ ಕಿವಿ ನೋಡುವ ಕೈಯಂತ್ರವೂ ಬೇಕು ಎಂದೆ.

ಅವರು ಕನ್ನಡಕ ತೆಗೆದರು. "ಬೇನ್, ತಮೇ ಏಕಲಾ ಶುಂ ಕರ್ಶೋ?" ನೀವೊಬ್ಬರೇ ಏನು ಮಾಡುತ್ತೀರಿ ಎಂದು. ವ್ಯಂಗ್ಯವಲ್ಲ, ನಿಜವಾಗಿಯೇ ಕೇಳಿದರು.

"ಒಂದು ಗಲ್ಲಿ ಮಾಡ್ತೀನಿ ಸರ್," ಎಂದೆ ಹಿಂದಿಯಲ್ಲಿ. ಯಂತ್ರ ಬೀಳಿಸಬೇಡಿ ಎಂದು ಕೊಟ್ಟರು.

ಹೆಬ್ಬೆರಳ ಗಾತ್ರದ ತುದಿಯನ್ನು ನಿದ್ದೆ ಹೋದ ಕೂಸಿನ ಕಿವಿಗೆ ಇಟ್ಟರೆ, ಒಳಗಿವಿ ಸರಿಯಿದ್ದರೆ ಅದು ತಾನೇ ಒಂದು ಸಣ್ಣ ಪ್ರತಿಧ್ವನಿ ಕೊಡುತ್ತದೆ. ಯಂತ್ರ ಅದನ್ನು ಹಿಡಿದು ಹಸಿರು ತೋರಿಸುತ್ತದೆ, ಪ್ರತಿಧ್ವನಿ ಇಲ್ಲದಿದ್ದರೆ ಕೆಂಪು. ಆದರೆ ಅದಕ್ಕೆ ನೇಕಾರರ ಪರೀಕ್ಷೆಗಿಂತ ಹೆಚ್ಚಿನ ನಿಶ್ಶಬ್ದ ಬೇಕು. ಮೊದಲ ಶನಿವಾರ ಗೋಡೌನಿನಲ್ಲಿ ಕೂತು ಎಷ್ಟು ಸಲ ಒತ್ತಿದರೂ "ಗದ್ದಲ" ಎಂದೇ ಯಂತ್ರ ತೋರಿಸುತ್ತಿತ್ತು. ತಾಯಂದಿರು ಕಾದು ಕಾದು ಎದ್ದುಹೋದರು. ಎರಡನೆಯ ಶನಿವಾರವೂ ಅದೇ ಕಥೆ. ಪಕ್ಕದ ಶೆಡ್ಡಿನ ಮಗ್ಗ ನಿಲ್ಲದೆ ಇದು ಆಗುವ ಕೆಲಸವಲ್ಲ ಎಂದು ಚೀಲ ಕಟ್ಟಿದೆ.

ನನ್ನನ್ನು ಬಾಗಿಲಲ್ಲಿ ತಡೆದವನು ಬನಹಟ್ಟಿಯ ನೇಕಾರನೇ. ವಿಷಯ ತಿಳಿದುಕೊಂಡು ಶೆಡ್ಡಿನೊಳಗೆ ಹೋದ. ಕಿಟಕಿಯಿಂದ ನೋಡುತ್ತಿದ್ದೆ. ಎರಡು ಬೆರಳು ತುಟಿಗಿಟ್ಟ, ಅಂದರೆ ಚಹಾ. ಆಮೇಲೆ ತೋಳುಗಳನ್ನು ತೊಟ್ಟಿಲಂತೆ ತೂಗಿ, ಕಿವಿ ಮುಟ್ಟಿ ತೋರಿಸಿದ. ಸಾಲಿನ ತುದಿಯಿಂದ ತುದಿಗೆ ಆ ಮಾತು ಕೈಯಿಂದ ಕೈಗೆ ಹೋಯಿತು. ಅವರಿಗೆ ಕೂಲಿ ಮೀಟರ್ ಲೆಕ್ಕದಲ್ಲಿ, ಮಗ್ಗ ನಿಂತರೆ ಅವರದೇ ನಷ್ಟ. ಆದರೂ ಒಂದೊಂದೇ ಮಗ್ಗ ನಿಂತಿತು. ಅಂದಿನಿಂದ ಪ್ರತಿ ಶನಿವಾರ ಎಲ್ಲರೂ ಒಂದೇ ಹೊತ್ತಿಗೆ ಚಹಾ ಕುಡಿಯತೊಡಗಿದರು. ಸೇಠ್ ಗೊಣಗಿದರು, ಬೇಡವೆನ್ನಲಿಲ್ಲ.

ಹೀಗೆ ಪರರ ಮಕ್ಕಳಿಗಾಗಿ ವಾರವಾರವೂ ಮಗ್ಗ ನಿಲ್ಲಿಸುತ್ತಿದ್ದವನು ತನ್ನ ಮಗನನ್ನು ಮಾತ್ರ ತರಲಿಲ್ಲ. ನಾನೂ ಕೇಳುವುದನ್ನು ಬಿಟ್ಟೆ. ಕೇಳಿದರೆ ಅವನ ಮುಖ ನೋಡಲಾಗುತ್ತಿರಲಿಲ್ಲ.

ಹುಡುಗಿ ಮಾತ್ರ ಪ್ರತಿ ಶನಿವಾರ ಬರುತ್ತಿದ್ದಳು, ಶಾಲೆ ಮುಗಿದೊಡನೆ ನೇರ ಗೋಡೌನ್‌ಗೆ. ಬಟ್ಟೆಯ ಸುರುಳಿಯ ಮೇಲೆ ಕೂತು ಒಂದೊಂದು ಕೂಸಿನ ಕಿವಿಗೂ ನಾನು ತುದಿ ಇಡುವುದನ್ನು ನೋಡುತ್ತಿದ್ದಳು. ಹಸಿರು ಬಂದರೆ ನನಗಿಂತ ಮೊದಲು ಅವಳೇ ತಾಯಿಗೆ ಬೆರಳು ಹೊಸೆದು ತೋರಿಸುತ್ತಿದ್ದಳು: ಕೂಡಿತು.

ಮಳೆಗಾಲದ ಒಂದು ಶನಿವಾರ ಮಗ್ಗಗಳು ಆಗಷ್ಟೇ ನಿಂತಿದ್ದವು. ಹುಡುಗಿ ಬಾಗಿಲಲ್ಲಿ ಕಾಣಿಸಿಕೊಂಡಳು, ಸೊಂಟದ ಮೇಲೆ ತಮ್ಮ. ಅವನ ಭಾರಕ್ಕೆ ಒಂದು ಕಡೆ ವಾಲಿಕೊಂಡೇ ಬಂದು ಸ್ಟೂಲಿನ ಮೇಲೆ ಕೂತಳು, ಅವನ ತಲೆಯನ್ನು ತನ್ನ ಎದೆಗೆ ಒರಗಿಸಿ ಕಿವಿಯನ್ನು ನನ್ನತ್ತ ತಿರುಗಿಸಿ ಹಿಡಿದಳು. ಹಿಂದೆಯೇ ತಾಯಿ ಓಡಿಬಂದಳು. ಎತ್ತಿಕೊಂಡು ಹೋಗಲೆಂದೇ ಬಂದವಳು. ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತಳು. ನಾನು ಅವಳನ್ನೇ ನೋಡಿದೆ.

"ನೋಡ್ರಿ," ಎಂದಳು. "ಆಕೀನ ತಂದಾಳ. ಇನ್ನ ನಾ ಏನ್ ಹೇಳ್ಲಿ."

ಬಲಗಿವಿ ಕೆಂಪು. ಎಡಗಿವಿ ಕೆಂಪು. ತುದಿ ಒರೆಸಿ ಮತ್ತೆ ಇಟ್ಟೆ. ಹುಡುಗಿ ಹಸಿರಿಗಾಗಿ ಪರದೆಯನ್ನೇ ನೋಡುತ್ತ ಬೆರಳು ಜೋಡಿಸಿಕೊಂಡು ಕಾದಿದ್ದಳು.

ಆಮೇಲಿನದೆಲ್ಲ ಓಡಾಟ. ವಡೋದರಾದಲ್ಲಿ ನಿದ್ದೆಯ ಪರೀಕ್ಷೆ, ಅದೇ ಚಪ್ಪಟೆ ಗೆರೆ. ಪುಟ್ಟ ಕಿವಿಗೆ ಶ್ರವಣಯಂತ್ರ, ಅದನ್ನು ಅವನು ಕಿತ್ತು ಬಾಯಿಗಿಡುವುದು. ಅಹಮದಾಬಾದ್‌ನಲ್ಲಿ ಸ್ಕ್ಯಾನ್, ಲಸಿಕೆ, ನೆಗಡಿ ಬಂದು ಎರಡು ಸಲ ಮುಂದೆ ಹೋದ ದಿನಾಂಕ. ಅಜ್ಜಿ ಒಂದು ತಿಂಗಳು ನನ್ನ ಜತೆ ಮಾತು ಬಿಟ್ಟಳು, ಅಂದರೆ ನನ್ನ ಕಡೆ ಕೈ ಎತ್ತಲಿಲ್ಲ. ಮೊದಲ ಹುಟ್ಟುಹಬ್ಬ ಕಳೆದ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ಗಾಯ ಒಣಗಿದ ಮೇಲೆ ಯಂತ್ರ ಚಾಲೂ ಮಾಡುವ ದಿನ ಬಂತು. ಕಿವಿಯ ಹಿಂದೆ ಒಂದು ತುಣುಕು, ತಲೆಯ ಮೇಲೆ ಆಯಸ್ಕಾಂತದಿಂದ ಅಂಟುವ ಒಂದು ಬಿಲ್ಲೆ. ಆಸ್ಪತ್ರೆಯವರು ಕಂಪ್ಯೂಟರಿನಲ್ಲಿ ಸದ್ದನ್ನು ಸ್ವಲ್ಪಸ್ವಲ್ಪವೇ ಏರಿಸಿದರು. ಕರೆಯಿರಿ ಎಂದು ತಾಯಿಗೆ ಸನ್ನೆ ಮಾಡಿದೆ.

ಅವಳಿಗೆ ಕರೆಯುವುದು ಅಭ್ಯಾಸವಿರಲಿಲ್ಲ. ಗಂಟಲು ಸರಿಮಾಡಿಕೊಂಡು ಮಗನ ಹೆಸರು ಹಿಡಿದು ಮೆಲ್ಲಗೆ ಕರೆದಳು. ಅವನು ಬಾಯಿಂದ ಬೆರಳು ತೆಗೆದ. ಇನ್ನೊಮ್ಮೆ ಕರೆದಳು. ಅವನು ಅವಳ ಕಡೆ ತಿರುಗಿ, ತುಟಿ ಸೊಟ್ಟ ಮಾಡಿ, ಗೊಳೋ ಎಂದು ಅತ್ತ. ಅಪ್ಪ ಗೋಡೆಗೆ ಮುಖ ಮಾಡಿ ನಿಂತ. ನಾನೂ ಅತ್ತೆ, ನಾಚಿಕೆಯಿಲ್ಲದೆ.

ಯಾರೋ ನನ್ನ ಕುರ್ತಾ ಜಗ್ಗಿದರು. ಹುಡುಗಿ. ತಮ್ಮನ ತಲೆಯ ಬಿಲ್ಲೆ ತೋರಿಸಿದಳು. ಆಮೇಲೆ ತನ್ನ ಕಿವಿಯ ಹಿಂದೆ ಬೆರಳಿಟ್ಟಳು. ಹುಬ್ಬೇರಿಸಿ, ಹೆಬ್ಬೆರಳು ತೋರುಬೆರಳು ಸೇರಿಸಿ ಹೊಸೆದಳು. ನನ್ನದು ಯಾವಾಗ ಕೂಡಿಸುತ್ತೀರಿ ಎಂದು.

ಅವಳ ಅಪ್ಪನಿಗೆ ಹೇಳಿದ್ದೆವು, ಅಮ್ಮನಿಗೆ ಹೇಳಿದ್ದೆವು, ಅಜ್ಜಿಗೂ ಹೇಳಿದ್ದೆವು. ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಇಲ್ಲವೆಂದು ತಲೆಯಾಡಿಸಿದೆ. ನನಗೆ ಅರ್ಥವಾಗಿಲ್ಲವೆಂದುಕೊಂಡು ಅವಳು ಮತ್ತೆ ನಿಧಾನವಾಗಿ ಬೆರಳು ಹೊಸೆದು ತೋರಿಸಿದಳು. ತಾಯಿ ನೋಡಲಾರದೆ ಬಂದು ಅವಳ ಎರಡೂ ಕೈಗಳನ್ನು ಒಟ್ಟಿಗೆ ಹಿಡಿದುಕೊಂಡುಬಿಟ್ಟಳು.

"ಕೈ ಬಿಡ ಆಕೀದು," ಎಂದ ಅಪ್ಪ ಗೋಡೆಯಿಂದ ತಿರುಗಿ. "ಕೇಳ್ಲಿ. ಕೇಳೂದಾದ್ರೂ ಕೇಳ್ಲಿ."

ಅವನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅವಳ ಕಿವಿ ಮುಟ್ಟಿದ. ತೋರುಬೆರಳು ಜೋಡಿಸಿ ಅಗಲಿಸಿದ: ಕಡಿದಿದೆ. ಆಮೇಲೆ ಹೊಸೆಯಲು ಬೆರಳು ಕೂಡಿಸಿದ, ಹೊಸೆಯದೆ ಹಾಗೇ ಬಿಚ್ಚಿದ. ಮಗ್ಗದ ಭಾಷೆಯಲ್ಲಿ ಕೂಡದ ಎಳೆಗೆ ಸನ್ನೆಯಿಲ್ಲ, ಅಲ್ಲಿ ಯಾವ ಎಳೆಯನ್ನೂ ಹಾಗೆ ಬಿಡುವುದಿಲ್ಲ. ಬರಿದಾದ ಅಂಗೈಯನ್ನು ಅವಳ ಮುಂದೆ ಹಿಡಿದ. ಅವಳು ಅದನ್ನು ನೋಡಿದಳು, ಅವನ ಮುಖ ನೋಡಿದಳು. ಮತ್ತೆ ಕೇಳಲಿಲ್ಲ.

ಈಗಲೂ ಶನಿವಾರ ಹೋಗುತ್ತೇನೆ. ಅಕ್ಕಪಕ್ಕದ ಗಲ್ಲಿಗಳ ತಾಯಂದಿರೂ ಬರುತ್ತಾರೆ, ಕೆಂಪು ಬಂದ ಕೆಲವು ಕೂಸುಗಳು ಹೊತ್ತಿಗೆ ಸರಿಯಾಗಿ ಅಹಮದಾಬಾದ್ ಮುಟ್ಟಿವೆ. ಮುಖ್ಯಸ್ಥರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಅಷ್ಟೇ. ಹುಡುಗ ಈಗ ನಡೆಯುತ್ತಾನೆ, ಅವ್ವಾ ಅನ್ನುತ್ತಾನೆ. ಆಟದಲ್ಲಿ ಆ ಬಿಲ್ಲೆ ಆಗಾಗ ಕಳಚಿ ಬೀಳುತ್ತದೆ. ಮಗ್ಗದ ಸದ್ದಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಅವಳೊಬ್ಬಳಿಗೆ ಬಿಟ್ಟು. ಎಲ್ಲಿದ್ದರೂ ಓಡಿಬಂದು, ಬಿಲ್ಲೆಯ ಧೂಳನ್ನು ಲಂಗಕ್ಕೆ ಒರೆಸಿ ಅವನ ತಲೆಗೆ ಅಂಟಿಸುತ್ತಾಳೆ. ತಾಯಿಗೆ ಕೂಗು ಎಂದು ಸನ್ನೆ ಮಾಡುತ್ತಾಳೆ. ತಾಯಿ ಕೂಗುತ್ತಾಳೆ. ಅವನು ತಿರುಗಿದನೇ ಎಂದು ಅವಳು ಕಣ್ಣು ಮಿಟುಕಿಸದೆ ನೋಡುತ್ತಾಳೆ, ಆಮೇಲೆ ನನ್ನ ಕಡೆ ನೋಡಿ ಬೆರಳು ಹೊಸೆಯುತ್ತಾಳೆ: ಕೂಡಿತು.